ಡೈಡ್ಯಾಕ್ಟಿಕ್ ಅಂತ ಬರೆದ ತಪ್ಪಿಗೆ

"ಮೇಡಂ, ಡಯ್ಡಾಟಿಕ್ಕು ಅಂದ್ರೆ ಒಳ್ಳೇದೇ ಅಲ್ವಾ?"

ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆ. ವಿಜಯನಗರದ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಗೊತ್ತಿಲ್ಲದ ನಂಬರು. ಎತ್ತಿದರೆ ಈ ಪ್ರಶ್ನೆ. ಹಲೋ ಇಲ್ಲ, ನಾನು ಇಂಥವಳು ಅಂತ ಇಲ್ಲ.

ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟೆ. ಯಾಕೆಂದರೆ ದನಿ ಯಾರದ್ದು ಅಂತ ನನಗೆ ಮೊದಲ ಮಾತಿಗೇ ಗೊತ್ತಾಗಿತ್ತು. ಆ ಪದ ಬರೆದವರು ಯಾರು ಅಂತಲೂ ಗೊತ್ತಿತ್ತು.

ನಾನೇ.

ಮೊದಲಿಂದ ಹೇಳುತ್ತೇನೆ. ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವಳು ನಾನು ಅನ್ನುವುದು ಈ ಅಂಕಣ ಓದುವ ನಿಮಗೆಲ್ಲ ಗೊತ್ತು. (ಅದನ್ನು ನಾನೇ ಮತ್ತೆ ಮತ್ತೆ ಹೇಳುತ್ತೇನೆ ಅನ್ನುವುದು ನಮ್ಮ ಯಜಮಾನರ ದೂರು.) ರಿಟೈರ್ ಆದ ಮೇಲೆ ನನ್ನ ಹಳೇ ವಿದ್ಯಾರ್ಥಿ ಪ್ರದೀಪ ಸಿಕ್ಕಿದ. ಕಡಕೊಳದಲ್ಲಿ ಡಬ್ಬಿಗಳಿಗೆ ತಗಡಿನ ಮುಚ್ಚಳ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಎಚ್.ಆರ್. ಮ್ಯಾನೇಜರ್ ಆಗಿದ್ದಾನೆ. ಆಫೀಸಿನವರಿಗೆ ವಾರಕ್ಕೊಂದು ದಿನ, ಗುರುವಾರ, ಸ್ಪೋಕನ್ ಇಂಗ್ಲಿಷ್ ಹೇಳಿಕೊಡಿ ಮೇಡಂ ಅಂದ. ಒಪ್ಪಿದೆ. ಆಮೇಲೆ ಇನ್ನೊಂದು ಕೆಲಸ ಹಚ್ಚಿದ. ಫ್ಯಾಕ್ಟರಿಯಲ್ಲಿ ನಡೆಯುವ ಟ್ರೈನಿಂಗ್ ಕ್ಲಾಸುಗಳಲ್ಲೆಲ್ಲ ಒಂದೊಂದು ದಿನ ಕೂತು, ಹೇಗಿದೆ ಅಂತ ರಿಪೋರ್ಟ್ ಕೊಡಬೇಕಂತೆ.

ಬೇರೆಯವರ ಪಾಠದಲ್ಲಿ ತಪ್ಪು ಹುಡುಕುವ ಕೆಲಸವನ್ನು ಯಾವ ಮೇಷ್ಟ್ರು ಬೇಡ ಅಂದಾರು?

ಹಾಗೆ ನಾನು ಕೂತ ಕ್ಲಾಸುಗಳಲ್ಲಿ ಮಹದೇವಮ್ಮನದೂ ಒಂದು.

ಮಹದೇವಮ್ಮನಿಗೆ ಐವತ್ತರ ಹತ್ತಿರ ವಯಸ್ಸು. ಕಡಕೊಳದ ಆಚೆ ನಾಲ್ಕು ಕಿಲೋಮೀಟರ್ ದೂರದ ಹಳ್ಳಿಯವರು. ಗಂಡ ಹೊಲ ನೋಡಿಕೊಳ್ಳುತ್ತಾರೆ. ಏಳನೇ ಕ್ಲಾಸಿಗೇ ಓದು ನಿಂತಿದೆ. ತಗಡಿನ ಹಾಳೆಯನ್ನು ಒಂದೇ ಏಟಿಗೆ ಮುಚ್ಚಳ ಮಾಡುವ ಪ್ರೆಸ್ ಮಿಷನ್ನಿನ ಮುಂದೆ ಹತ್ತೊಂಬತ್ತು ವರ್ಷ ನಿಂತಿದ್ದಾರೆ. ಹೊಸದಾಗಿ ಸೇರುವ ಹೆಂಗಸರಿಗೆ ಮೊದಲ ಎರಡು ದಿನ ಮಿಷನ್ ಮುಂದೆ ಕೈ ಹೇಗಿರಬೇಕು ಅಂತ ಕಲಿಸುವ ಕೆಲಸ ಅವರದು.

ಕ್ಲಾಸು ನಡೆಯುವುದು ಕ್ಯಾಂಟೀನ್ ಹಿಂದಿನ ಶೆಡ್ಡಿನಲ್ಲಿ. ಕರೆಂಟ್ ತೆಗೆದ ಒಂದು ಹಳೇ ಪ್ರೆಸ್ ಮಿಷನ್ನು, ಅದರ ಸುತ್ತ ಹದಿನೆಂಟು ಜನ ಹೊಸಬರು, ಕೈಯಲ್ಲಿ ಒಂದು ಬಿದಿರು ಕಡ್ಡಿ ಹಿಡಿದ ಮಹದೇವಮ್ಮ. ನಾನು ಹಿಂದುಗಡೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮಡಿಲಲ್ಲಿ ಫಾರಂ ಇಟ್ಟುಕೊಂಡು.

"ಮುಚ್ಚಳ ಅಂಟ್ಕತು. ಏನ್ ಮಾಡ್ತೀರಿ?"

"ಮಿಷನ್ ಆಫ್ ಮಾಡ್ತೀವಿ."

"ಆಮೇಕೆ?"

"ಕಡ್ಡಿ ತಕತೀವಿ."

"ಕೈ?"

"ಕೈ ಹಾಕಲ್ಲ."

ಸರಿ, ಅರ್ಥವಾಯಿತು. ಮುಂದೆ? ಮುಂದೆ ಮತ್ತೆ ಅದೇ. ಒಬ್ಬೊಬ್ಬರನ್ನೇ ಮಿಷನ್ನಿನ ಮುಂದೆ ನಿಲ್ಲಿಸಿ ಅದೇ ಪ್ರಶ್ನೆ. ಉತ್ತರ ಹೇಳಿದರೆ ಸಾಲದು, ಮಾಡಿ ತೋರಿಸಬೇಕು. ಪೆಡಲಿನಿಂದ ಕಾಲು ತೆಗೆ, ಸ್ವಿಚ್ ಒತ್ತು, ಕಡ್ಡಿ ಹಿಡಿ. ಯಾರದ್ದಾದರೂ ಕೈ ಒಂದಿಂಚು ಮುಂದೆ ಹೋದರೆ ಕಡ್ಡಿಯಿಂದ ಮೆಲ್ಲಗೆ ತಟ್ಟಿ, ಮತ್ತೆ ಮೊದಲಿಂದ. ಒಂದು ಗಂಟೆಯಲ್ಲಿ ಇಪ್ಪತ್ತಮೂರು ಸಲ ಎಣಿಸಿದೆ. ಆಮೇಲೆ ಎಣಿಸುವುದು ಬಿಟ್ಟೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ಒಬ್ಬಳು ಆಕಳಿಸಿದಳು. ಆಕಳಿಕೆ ಅಂಟುರೋಗ, ನನಗೂ ಬಂತು.

ಫಾರಂನಲ್ಲಿ 'ರಿಮಾರ್ಕ್ಸ್' ಅಂತ ಒಂದು ಚೌಕ ಇತ್ತು. ಟ್ರೈನರ್ ತುಂಬಾ ಪ್ರಾಮಾಣಿಕರು, ಆದರೆ ಪಾಠ ಅತಿಯಾಗಿ ಡೈಡ್ಯಾಕ್ಟಿಕ್ ಅಂತ ಚೆಂದದ ಇಂಗ್ಲಿಷಿನಲ್ಲಿ ಬರೆದೆ. ಕೆಳಗೆ ಸಹಿ ಹಾಕಿದೆ. ಕೊಟ್ಟ ಟೀ ಆರುವುದರೊಳಗೆ ಕೆಲಸ ಮುಗಿಯಿತು. ಪದ ಸರಿಯಾಗಿ ಸಿಕ್ಕಿತಲ್ಲ ಅಂತ ಒಳಗೊಳಗೆ ಖುಷಿಯೂ ಆಯಿತು.

ನಿಜ ಹೇಳಬೇಕೆಂದರೆ ನಾನು ಬರೆಯಬೇಕಾಗಿದ್ದದ್ದು 'ನನಗೆ ಬೋರಾಯಿತು' ಅಂತ. ಅದನ್ನು ಹಾಗೇ ಬರೆಯಲು ನಾಚಿಕೆ. ಅದಕ್ಕೇ ತಾನೇ ನಮಗೆ ಇಂಥ ಪದಗಳು ಬೇಕಾಗುವುದು?

ಮುಂದಿನ ತಿಂಗಳು ಮಹದೇವಮ್ಮನ ಎರಡು ದಿನದ ಕ್ಲಾಸು ನಿಂತಿತು. ಅದರ ಬದಲು ನಲವತ್ತು ನಿಮಿಷದ ಒಂದು ವಿಡಿಯೋ ಬಂತು. ಕಾರ್ಟೂನ್ ಬೊಂಬೆಗಳು, ಹಿನ್ನೆಲೆಯಲ್ಲಿ ಮ್ಯೂಸಿಕ್ಕು, ಕೊನೆಗೆ ಫೋನಿನಲ್ಲೇ ಉತ್ತರ ಒತ್ತುವ ಕ್ವಿಜ್ಜು. ನಾನೂ ನೋಡಿದೆ. ಚೆನ್ನಾಗೇ ಇತ್ತು. ಯಾರೂ ಆಕಳಿಸಲಿಲ್ಲ.

ಆಮೇಲೆ ಬಂದದ್ದು ಮಂಗಳವಾರದ ಆ ಫೋನು.

ಮಹದೇವಮ್ಮ ಸಂಕೋಚದಿಂದಲೇ ಮಾತಾಡಿದರು. ಎಚ್.ಆರ್. ಆಫೀಸಿನ ಕ್ಲರ್ಕ್ ಒಬ್ಬಳು, ಆ ಇಂಗ್ಲಿಷ್ ಮೇಡಂ ನಿಮ್ಮ ಬಗ್ಗೆ ಹೀಗೊಂದು ಪದ ಬರೆದಿದ್ದಾರೆ ಅಂತ ಹೇಳಿ, ಚೀಟಿಯಲ್ಲಿ ಬರೆದೂ ಕೊಟ್ಟಳಂತೆ. ಮನೆಗೆ ಹೋಗಿ ಸೊಸೆಗೆ ತೋರಿಸಿದರಂತೆ. ಸೊಸೆ ಬಿ.ಕಾಂ. ಓದಿದವಳು. ಫೋನಿನಲ್ಲಿ ಹುಡುಕಿದಾಗ ಕನ್ನಡದಲ್ಲಿ 'ಬೋಧಪ್ರದ' ಅಂತ ಬಂತಂತೆ. ಬೋಧನೆಗೆ ಸಂಬಂಧಿಸಿದ್ದು, ಕಲಿಸುವಂಥದ್ದು. ಸೊಸೆ ಅದನ್ನು ಗಟ್ಟಿಯಾಗಿ ಓದಿ ಹೇಳಿದಳಂತೆ. ಗಂಡನೂ ಕೇಳಿಸಿಕೊಂಡು ತಲೆಯಾಡಿಸಿದರಂತೆ.

"ನೀವು ಅಷ್ಟು ಒಳ್ಳೇದಾಗಿ ಬರ್ದಿದ್ದೀರಿ. ಆದ್ರೂ ಕ್ಲಾಸ್ ತಗ್ದ್‌ಬುಟ್ರು. ನೀವೇ ಒಂದ್ ಮಾತ್ ಪ್ರದೀಪ್ ಸಾರ್‌ಗೆ ಹೇಳ್ಬೇಕು ಮೇಡಂ. ನಿಮ್ ಮಾತು ಕೇಳ್ತಾರೆ."

ಈಗ ನೀವೇ ಹೇಳಿ, ನಾನು ಏನು ಹೇಳಬೇಕಿತ್ತು?

ಇಲ್ಲ ಮಹದೇವಮ್ಮ, ಅದು ಹೊಗಳಿಕೆ ಅಲ್ಲ, ನಿಮ್ಮ ಪಾಠ ಕೊರೆತ ಅಂತ ಬರೆದಿದ್ದೆ, ಅದನ್ನೇ ನೋಡಿ ಕ್ಲಾಸು ತೆಗೆದರು ಅನ್ನಬೇಕಿತ್ತು. ಹಾಗಂತ ಗೊತ್ತಿತ್ತು. ಬಾಯಿಂದ ಬಂದದ್ದು ಮಾತ್ರ, "ಹೌದು, ಒಳ್ಳೇದೇ. ಪ್ರದೀಪನ ಹತ್ತಿರ ಮಾತಾಡ್ತೀನಿ" ಅಂತ.

ಮಾತಾಡಿದೆನಾ? ಇಲ್ಲ. ಆ ಗುರುವಾರ ಕ್ಲಾಸಿಗೆ ಹೋದಾಗ ಪ್ರದೀಪ ಎದುರಿಗೇ ಸಿಕ್ಕಿದ. ಕಾಫಿ ಕುಡಿದೆವು. ಅವನ ಮಗಳ ಸ್ಕೂಲ್ ಡೇ ಫೋಟೋ ನೋಡಿದೆ. ಮಹದೇವಮ್ಮನ ವಿಷಯ ಎತ್ತಬೇಕು ಅನ್ನುವಷ್ಟರಲ್ಲಿ ಯಾರೋ ಬಂದರು. (ಯಾರೂ ಬಾರದಿದ್ದರೂ ಎತ್ತುತ್ತಿರಲಿಲ್ಲ ಅನ್ನಿ.) ಹೊರಗೆ ಬರುವಾಗ ಮಹದೇವಮ್ಮ ದೂರದಿಂದ ಕೈ ಎತ್ತಿ ನಮಸ್ಕಾರ ಮಾಡಿದರು. ನಾನು ಬಸ್ಸು ತಪ್ಪುತ್ತದೆ ಅನ್ನುವವಳ ಹಾಗೆ ಬಿರಬಿರನೆ ಗೇಟು ದಾಟಿದೆ.

ಅದರ ಮುಂದಿನ ಗುರುವಾರ. ನಾನು ಸೀರೆ ಉಟ್ಟು, ಬ್ಯಾಗಿಗೆ ಪುಸ್ತಕ ಹಾಕಿಕೊಂಡು ಬಾಗಿಲಲ್ಲಿದ್ದೆ. ಪ್ರದೀಪನ ಫೋನ್ ಬಂತು. ಇವತ್ತು ಬರಬೇಡಿ ಮೇಡಂ, ಪ್ರೆಸ್ ಸೆಕ್ಷನ್ನಿನಲ್ಲಿ ಒಂದು ಹುಡುಗಿಯ ಕೈ ಮಿಷನ್ನಿಗೆ ಸಿಕ್ಕಿದೆ, ಆಸ್ಪತ್ರೆಗೆ ಹೊರಟಿದ್ದೇವೆ ಅಂದ. ಏಟು ಎಷ್ಟಾಗಿದೆ ಅಂತ ಕೇಳಿದೆ. ಗೊತ್ತಿಲ್ಲ ಅಂದ. ಯಾರು ಅಂತ ಕೇಳಿದೆ. ಸೌಮ್ಯ ಅಂತ, ಹೊಸಬಳು ಅಂದ. ಫೋನ್ ಕಟ್ಟಾಯಿತು.

ಹೊಸಬಳು ಅಂದರೆ ಯಾವ ಬ್ಯಾಚು? ಮಹದೇವಮ್ಮನ ಹತ್ತಿರ ಕಲಿತವಳಾ, ವಿಡಿಯೋ ನೋಡಿದವಳಾ?

ಇದನ್ನು ಬರೆಯಲು ನನಗೆ ಈಗಲೂ ಕಷ್ಟ. ಒಂದು ಹೆಣ್ಣುಮಗಳ ಕೈ ಮಿಷನ್ನಿಗೆ ಸಿಕ್ಕಿದೆ ಅಂದಾಗ ನನ್ನ ತಲೆಗೆ ಬಂದ ಎರಡನೇ ಯೋಚನೆ ಅದು. ಎಷ್ಟು ನೋವಾಗಿರಬಹುದು ಅಂತಲ್ಲ, ಮನೆಯಲ್ಲಿ ಯಾರಿದ್ದಾರೆ ಅಂತಲ್ಲ. ಯಾವ ಬ್ಯಾಚು ಅಂತ.

ಹನ್ನೊಂದು ಗಂಟೆಯಿಂದ ನಾಲ್ಕರವರೆಗೆ ಪ್ರದೀಪನಿಗೆ ಒಂಬತ್ತು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಉಟ್ಟ ಸೀರೆಯಲ್ಲೇ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಓಡಾಡಿದೆ. ನಮ್ಮ ಯಜಮಾನರು, ನೀನು ಇಂಗ್ಲಿಷ್ ಕ್ಲಾಸಿಗೆ ಹೋಗುವವಳು, ಮಿಷನ್ನಿಗೂ ನಿನಗೂ ಏನು ಸಂಬಂಧ ಅಂದರು. ಅವರಿಗೆ ರಿಪೋರ್ಟಿನ ವಿಷಯ ಹೇಳಿರಲಿಲ್ಲ. ಪ್ರದೀಪ ಕೈ ಅಂದನಲ್ಲ, ಪೂರ್ತಿ ಕೈಯಾ? ಬೆರಳಾ? ಬಲಗೈಯಾ? ಮುಚ್ಚಳ ಒತ್ತುವ ಆ ಮಿಷನ್ನಿನ ಏಟು ನನ್ನ ಕಣ್ಣಿಗೆ ಕಟ್ಟಿತ್ತು. ಗಟ್ಟಿ ತಗಡು ಅದರಡಿ ಹಪ್ಪಳದ ಹಾಗೆ ಕತ್ತರಿಸಿ ಬೀಳುವುದನ್ನು ನಾನೇ ನಿಂತು ನೋಡಿದ್ದೆ. ಒಂದು ತುತ್ತು ಅನ್ನ ಇಳಿಯಲಿಲ್ಲ.

ನಾಲ್ಕೂಕಾಲಿಗೆ ಪ್ರದೀಪ ಆಸ್ಪತ್ರೆಯ ಹೆಸರು ಮಾತ್ರ ಮೆಸೇಜ್ ಮಾಡಿದ. ಆಟೋ ಹಿಡಿದೆ.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಮಹದೇವಮ್ಮ ಕೂತಿದ್ದರು. ಫ್ಯಾಕ್ಟರಿಯ ನೀಲಿ ಕೋಟು ಇನ್ನೂ ಮೈಮೇಲಿತ್ತು, ತೋಳಿನ ಮೇಲೆ ಕಂದು ಕಲೆ. ನನ್ನನ್ನು ನೋಡಿ ಎದ್ದು ನಿಂತರು. ಎಡಗೈ ಉಂಗುರದ ಬೆರಳು, ತುದಿ ಜಜ್ಜಿ ಹೋಗಿದೆ, ಮೂಳೆ ಬಿರುಕು ಬಿಟ್ಟಿದೆ, ಡಾಕ್ಟರು ಹೊಲಿಗೆ ಹಾಕಿದ್ದಾರೆ, ಬೆರಳು ಉಳಿಯುತ್ತದೆ ಅಂದಿದ್ದಾರೆ, ಉಗುರು ಮಾತ್ರ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಇಷ್ಟನ್ನೂ ಅವರು ಒಂದೇ ಉಸಿರಿಗೆ ಹೇಳಿದರು. ನಾನು ಬೆಂಚಿನ ಮೇಲೆ ಕೂತುಬಿಟ್ಟೆ.

ಒಳಗೆ ಸೌಮ್ಯ ಎಚ್ಚರವಾಗಿದ್ದಳು. ಇಪ್ಪತ್ತೆರಡು ವರ್ಷದ, ತೆಳ್ಳನೆಯ ಹುಡುಗಿ. ಪಕ್ಕದಲ್ಲಿ ಅವಳ ಅಮ್ಮ, ಸೆರಗಿನ ತುದಿ ಬಾಯಿಗಿಟ್ಟುಕೊಂಡು ನಿಂತಿದ್ದರು. ನಾನು ಆಫೀಸಿನ ಕಡೆಯವಳು ಅಂದುಕೊಂಡಳೋ ಏನೋ, ಸೌಮ್ಯ ಕೇಳದೆಯೇ ವಿವರಣೆ ಕೊಡಲು ಶುರು ಮಾಡಿದಳು. ತನಗೆ ಕ್ವಿಜ್ಜಿನಲ್ಲಿ ಪೂರ್ತಿ ಮಾರ್ಕ್ಸ್ ಬಂದಿತ್ತು ಅಂದಳು. ಅಂದರೆ ವಿಡಿಯೋ ಬ್ಯಾಚು. ನನಗೆ ಬೇಕಾಗಿದ್ದ ಉತ್ತರ ಸಿಕ್ಕಿತು. ಬೇಡವಾಗಿದ್ದ ಉತ್ತರ.

"ಮುಚ್ಚಳ ಅಂಟ್ಕತು ಮೇಡಂ. ಕೈ ಹಾಕ್ಬಾರ್ದು ಅಂತ ನಂಗೆ ಗೊತ್ತಿತ್ತು. ವಿಡಿಯೋದಲ್ಲಿ ತೋರ್ಸಿದ್ರು. ಗೊತ್ತಿತ್ತು, ಆದ್ರೂ ಕೈ ಹೋಗ್ಬುಡ್ತು."

ಗೊತ್ತಿತ್ತು, ಆದರೂ ಕೈ ಹೋಯಿತು. ಮೂವತ್ತು ವರ್ಷ ಪಾಠ ಮಾಡಿದವಳು ನಾನು. ತಲೆಗೆ ಕಲಿಸುವುದು ಬೇರೆ, ಕೈಗೆ ಕಲಿಸುವುದು ಬೇರೆ ಅನ್ನುವುದು ನನಗೆ ತಿಳಿದದ್ದು ಅವತ್ತು, ಆ ಮಂಚದ ಪಕ್ಕ. ಮಹದೇವಮ್ಮ ಇಪ್ಪತ್ತಮೂರು ಸಲ ಹೇಳುತ್ತಿದ್ದದ್ದು ಹುಡುಗಿಯರ ತಲೆಗಲ್ಲ. ತಲೆಗೆ ಒಂದು ಸಲ ಸಾಕು. ಕೈಗೆ ಸಾಲದು.

ಅಲ್ಲೇ, ಆ ಬೆಂಚಿನ ಮೇಲೇ ಮಹದೇವಮ್ಮನಿಗೆ ಸತ್ಯ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಸೌಮ್ಯಳ ಅಮ್ಮನಿಗೆ ಎರಡು ಎಳನೀರು ತಂದುಕೊಟ್ಟು ಮನೆಗೆ ಬಂದೆ.

ಮಾರನೇ ದಿನ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ ಡಿಕ್ಷನರಿಗಳನ್ನು ಕೆಳಗಿಳಿಸಿದ್ದು. ಕನ್ನಡದ್ದೊಂದು, ಇಂಗ್ಲಿಷಿನವು ಮೂರು, ಪದಗಳ ಹುಟ್ಟು ಹೇಳುವ ದಪ್ಪ ಪುಸ್ತಕ ಒಂದು. ನಾನು ಬರೆದದ್ದಕ್ಕೆ ಒಳ್ಳೆಯ ಅರ್ಥವೂ ಇದೆ ಅಂತ ಯಾವುದಾದರೊಂದು ಪುಟ ಹೇಳಲಿ ಅನ್ನುವ ಆಸೆ. ವಕೀಲರ ಮನೆ ಬಾಗಿಲು ತಟ್ಟಿದ ಹಾಗೆ ಪುಟ ತಿರುವಿದೆ.

ಡೈಡ್ಯಾಕ್ಟಿಕ್ ಅನ್ನುವುದರ ಬೇರು ಗ್ರೀಕ್ ಭಾಷೆಯಲ್ಲಿದೆ. ಅಲ್ಲಿ ಅದು 'ಕಲಿಸು' ಅನ್ನುವ ಸಾದಾ ಕ್ರಿಯಾಪದದಿಂದ ಹುಟ್ಟಿದ್ದು. ಅರ್ಥ: ಕಲಿಸಬಲ್ಲ, ಕಲಿಸುವುದರಲ್ಲಿ ಪಳಗಿದ. ಅಷ್ಟೇ. ಬೈಗುಳದ ವಾಸನೆಯೂ ಇಲ್ಲ. ಆ ಕಾಲದ ನಾಟಕಗಳಲ್ಲಿ ಮೇಳದವರಿಗೆ ಹಾಡು, ಹೆಜ್ಜೆ ಕಲಿಸುತ್ತಿದ್ದವರನ್ನು ಕರೆಯುತ್ತಿದ್ದದ್ದೂ ಅದೇ ಬೇರಿನ ಪದದಿಂದ. ಮೇಳಕ್ಕೆ ಹೆಜ್ಜೆ ಕಲಿಸುವುದು ಅಂದರೆ ಏನು? ಅದೇ ಹೆಜ್ಜೆಯನ್ನು ಮತ್ತೆ, ಮತ್ತೆ, ಕಾಲಿಗೆ ತಾನಾಗಿ ಬರುವವರೆಗೆ ಹಾಕಿಸುವುದು. ಹೊಲ ಯಾವಾಗ ಉಳಬೇಕು, ಜೇನು ಹೇಗೆ ಸಾಕಬೇಕು ಅಂತ ಹೇಳಿಕೊಡುವ ಪದ್ಯಗಳಿಗೂ ಇಂಗ್ಲಿಷಿನವರು ಆಮೇಲೆ ಇದೇ ವಿಶೇಷಣ ಹಚ್ಚಿದರು. ಅಂಥ ಪದ್ಯ ಬರೆಯುವುದು ಒಂದು ಕಾಲಕ್ಕೆ ಗೌರವದ ಕೆಲಸವಾಗಿತ್ತು.

ಇಂಗ್ಲಿಷಿಗೆ ಈ ಪದ ಕಾಲಿಟ್ಟದ್ದು ಹದಿನೇಳನೇ ಶತಮಾನದಲ್ಲಿ. ಬಂದಾಗ ಮರ್ಯಾದಸ್ಥವಾಗೇ ಇತ್ತು. ಆಮೇಲೆ ಏನಾಯಿತು? ಓದುಗರು ಬದಲಾದರು. ಬರಹ ಖುಷಿ ಕೊಡಬೇಕು, ಬುದ್ಧಿ ಹೇಳಬಾರದು ಅನ್ನುವ ಕಾಲ ಬಂತು. ಕಲಿಸುವ ಬರಹ ಅಂದರೆ ಕೊರೆಯುವ ಬರಹ ಅಂತಾಯಿತು. ಪದ ಇದ್ದಲ್ಲೇ ಇತ್ತು, ಕೇಳುವವರು ಮೂಗು ಮುರಿದರು.

ಇನ್ನೊಂದು ತಮಾಷೆ ಕಣ್ಣಿಗೆ ಬಿತ್ತು. ತನಗೆ ತಾನೇ ಕಲಿತವರನ್ನು ಇಂಗ್ಲಿಷಿನಲ್ಲಿ ಆಟೋಡೈಡ್ಯಾಕ್ಟ್ ಅನ್ನುತ್ತಾರೆ. ಅದು ಇವತ್ತಿಗೂ ಹೊಗಳಿಕೆ. ತನಗೆ ತಾನು ಕಲಿಸಿಕೊಂಡರೆ ಶಭಾಷ್, ಇನ್ನೊಬ್ಬರಿಗೆ ಕಲಿಸಲು ಹೋದರೆ ಕೊರೆತ!

ಇಂಗ್ಲಿಷನ್ನೇ ಯಾಕೆ ಬೈಯಲಿ, ನಮ್ಮದೇನು ಕಡಿಮೆ? 'ಪುರಾಣ ಶುರು ಮಾಡಬೇಡ' ಅನ್ನುತ್ತೇವೆ. 'ಭಾಷಣ ಬಿಗಿಯಬೇಡ', 'ಹರಿಕಥೆ ಸಾಕು', 'ಮೇಷ್ಟ್ರ ಥರ ಆಡಬೇಡ' ಅನ್ನುತ್ತೇವೆ. 'ಅವನಿಗೆ ಸರಿಯಾಗಿ ಪಾಠ ಕಲಿಸ್ತೀನಿ' ಅಂದರೆ ನಮ್ಮಲ್ಲಿ ಯಾರೂ ಸ್ಲೇಟು ಬಳಪ ತರುವುದಿಲ್ಲ. ಕಲಿಸುವುದಕ್ಕೆ ಸಂಬಂಧಿಸಿದ ಒಂದೊಂದು ಮಾತನ್ನೂ ನಾವೂ ಬೈಗುಳ ಮಾಡಿಟ್ಟುಕೊಂಡಿದ್ದೇವೆ.

ಪುಸ್ತಕ ಮುಚ್ಚಿದೆ. ಸೊಸೆಯ ಫೋನು ಹೇಳಿದ್ದು ಸುಳ್ಳಲ್ಲ. ಮಹದೇವಮ್ಮ ತಿಳಿದುಕೊಂಡದ್ದೂ ತಪ್ಪಲ್ಲ. ಆ ಪದಕ್ಕೆ ಎರಡೂ ಅರ್ಥ ಇದೆ. ಆದರೆ ನಾನು ಬರೆದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ. ಅದಕ್ಕೆ ಯಾವ ಡಿಕ್ಷನರಿಯೂ ಮಾಫಿ ಕೊಡಲಿಲ್ಲ.

ಸೋಮವಾರ ಪ್ರದೀಪನ ಆಫೀಸಿಗೆ ಹೋದೆ. ನನ್ನ ರಿಪೋರ್ಟ್ ವಾಪಸ್ ಪಡೆಯುತ್ತೇನೆ, ಅದು ನನ್ನ ತಪ್ಪು ಅಭಿಪ್ರಾಯ ಅಂತ ಒಂದು ಕಾಗದ ಬರೆದು ಮುಂದಿಟ್ಟೆ. ಅವನು ಓದಿ, ತುಂಬಾ ಹೊತ್ತು ಪೆನ್ನಿನ ಕ್ಯಾಪು ತಿರುಗಿಸುತ್ತ ಕೂತ. ಆಮೇಲೆ, ನನ್ನನ್ನು ಸಮಾಧಾನ ಮಾಡಲೋ ಏನೋ, ನಿಜ ಹೇಳಿದ. ಎರಡು ದಿನ ಹೊಸಬರನ್ನು ಶೆಡ್ಡಿನಲ್ಲಿ ಕೂರಿಸಿದರೆ ಪ್ರೊಡಕ್ಷನ್ ನಿಲ್ಲುತ್ತದೆ ಅಂತ ಮೇಲಿನವರದು ಮೊದಲಿಂದಲೂ ಗೊಣಗಾಟ ಇತ್ತಂತೆ. ಕ್ಲಾಸು ತೆಗೆಯಲು ಒಂದು ಕಾರಣ ಬೇಕಿತ್ತಂತೆ.

"ನಿಮ್ಮ ರಿಪೋರ್ಟು ಸರಿಯಾದ ಟೈಮಿಗೆ ಬಂತು ಮೇಡಂ" ಅಂದ.

ಇದನ್ನು ಕೇಳಿ ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಯಾರೋ ಹುಡುಕುತ್ತಿದ್ದ ಕತ್ತಿಯನ್ನು ನಾನು ಹಿಡಿ ಸಮೇತ ಮಾಡಿಕೊಟ್ಟಿದ್ದೆ ಅಂತಾಯಿತಲ್ಲ.

ನಾನು ಏಳಲಿಲ್ಲ. ಅವನ ಮುಂದೆ ಕೂತೇ ಇದ್ದೆ. (ಹಳೇ ಮೇಷ್ಟ್ರು ಎದುರಿಗೆ ಸುಮ್ಮನೆ ಕೂತರೆ ಎಂಥ ಮ್ಯಾನೇಜರಿಗೂ ಹಿಂಸೆ ಆಗುತ್ತದೆ, ಇದು ನನ್ನ ಅನುಭವ.) ಕೊನೆಗೆ ಅವನೇ ಮೇಲಿನವರಿಗೆ ಫೋನ್ ಹಚ್ಚಿದ. ಸೌಮ್ಯಳ ಬೆರಳಿನ ನಂತರ ಅವರಿಗೂ ಅಂಜಿಕೆ ಹುಟ್ಟಿತ್ತು. ಎರಡು ದಿನ ಆಗುವುದಿಲ್ಲ ಅಂದರು. ಹೊಸಬರಿಗೆ ಅರ್ಧ ದಿನ, ಆಮೇಲೆ ಪ್ರೆಸ್ ಸೆಕ್ಷನ್ನಿನವರಿಗೆಲ್ಲ ಪ್ರತಿ ಶಿಫ್ಟಿಗೆ ಮುಂಚೆ ಹತ್ತು ನಿಮಿಷ, ಮಹದೇವಮ್ಮನೇ ಮಾಡಲಿ ಅಂತ ಒಪ್ಪಿದರು. ವಿಡಿಯೋ ಕೂಡ ಇರಲಿ ಅಂದರು. ಇರಲಿ.

ಉಳಿದದ್ದು ಒಂದು ಕೆಲಸ. ಎಲ್ಲಕ್ಕಿಂತ ಕಷ್ಟದ್ದು.

ಮಧ್ಯಾಹ್ನದ ಊಟದ ಹೊತ್ತಿಗೆ ಮಹದೇವಮ್ಮ ಶೆಡ್ಡಿನ ಪಕ್ಕದ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತೆ. ಕ್ಲಾಸು ವಾಪಸ್ ಬಂದ ಸುದ್ದಿ ಅವರಿಗೆ ಆಗಲೇ ತಲುಪಿತ್ತು. ನಿಮ್ಮಿಂದಲೇ ಆದದ್ದು ಅಂತ ನನಗೆ ಥ್ಯಾಂಕ್ಸ್ ಹೇಳಲು ಶುರು ಮಾಡಿದರು. ಅದನ್ನು ಕೇಳುವುದು ನನ್ನಿಂದ ಆಗಲಿಲ್ಲ. ಹೇಳಿಬಿಟ್ಟೆ. ಆ ಪದ ನಾನು ಒಳ್ಳೆಯ ಅರ್ಥದಲ್ಲಿ ಬರೆದದ್ದಲ್ಲ. ನಿಮ್ಮ ಪಾಠ ಕೇಳಿ ನನಗೆ ಬೇಜಾರಾಗಿತ್ತು, ಅದನ್ನೇ ದೊಡ್ಡ ಪದದಲ್ಲಿ ಬರೆದೆ. ಫೋನಿನಲ್ಲಿ ಕೇಳಿದಾಗ ಸುಳ್ಳು ಹೇಳಿದೆ. ನಿಮ್ಮ ಕ್ಲಾಸು ಹೋಗಲು ನಾನೂ ಕಾರಣ.

ಮಹದೇವಮ್ಮ ಕೈಯಲ್ಲಿದ್ದ ಮುದ್ದೆಯ ತುತ್ತನ್ನು ಹಾಗೇ ಹಿಡಿದುಕೊಂಡು ಕೂತರು. ಸಿಟ್ಟಾಗುತ್ತಾರೆ ಅಂದುಕೊಂಡೆ. ಸಿಟ್ಟಾಗಲಿ ಅಂತಲೂ ಅನ್ನಿಸಿತ್ತು. ಮನೆಯಲ್ಲಿ ಎಲ್ಲರಿಗೂ ಅದು ಒಳ್ಳೆಯ ಪದ ಅಂತ ಹೇಳಿಬಿಟ್ಟೆನಲ್ಲ ಅಂತಷ್ಟೇ ಅಂದರು, ಬಹಳ ಮೆಲ್ಲಗೆ. ಅದಕ್ಕಿಂತ ನಾಲ್ಕು ಬೈದಿದ್ದರೆ ವಾಸಿಯಿತ್ತು.

ಹಿಡಿದಿದ್ದ ತುತ್ತನ್ನು ವಾಪಸ್ ಬುತ್ತಿಗೆ ಹಾಕಿದರು. ಆಮೇಲೆ ಅವರೇ ಬಾಯಿಬಿಟ್ಟರು.

"ಬೇಜಾರಾಯ್ತದೆ, ನಂಗೂ ಗೊತ್ತು ಮೇಡಂ. ಹೇಳಿ ಹೇಳಿ ನಂಗೇ ಬೇಜಾರಾಗ್ಬುಟ್ಟದೆ. ನಗ್‌ನಗ್ತಾ ಇರಂಗೆ ಹೇಳಕೆ ನಂಗ್ ಬರಕಿಲ್ಲ. ಕೈ ಉಳ್ಯಂಗೆ ಹೇಳಕೆ ಬತ್ತದೆ."

ಅವರೇ ಮುಂದುವರಿಸಿದರು. ತಾನು ಕಲಿಸಿದವರಿಗೆ ಏಟೇ ಆಗಿಲ್ಲ ಅಂತಲ್ಲ, ಏಳು ವರ್ಷದ ಹಿಂದೆ ಒಬ್ಬಳಿಗೆ ಆಗಿತ್ತು, ಅವಳಿಗೂ ಎರಡು ದಿನ ಹೇಳಿದ್ದೆ, ಮೂರು ದಿನ ಹೇಳಿದ್ದರೆ ಆಗುತ್ತಿರಲಿಲ್ಲವೋ ಏನೋ ಅಂತ ಇವತ್ತಿಗೂ ಯೋಚನೆ ಬರುತ್ತದೆ ಅಂದರು. ಹಾಗಾದರೆ ಸೌಮ್ಯ ಇವರ ಹತ್ತಿರ ಕಲಿತಿದ್ದರೆ ಬೆರಳು ಪೂರ್ತಿ ಉಳಿಯುತ್ತಿತ್ತಾ? ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ನನ್ನ ಪಾಲಿಗೆ ಬಂದ ಶಿಕ್ಷೆ ಇದೇ ಇರಬೇಕು.

ಬುತ್ತಿ ಮುಚ್ಚಿ ಎದ್ದು ಹೋಗುವಾಗ ಮಹದೇವಮ್ಮ ನನಗೆ ನಮಸ್ಕಾರ ಮಾಡಲಿಲ್ಲ. ಅದು ಸರಿಯಾಗೇ ಇತ್ತು.

ಇದಾಗಿ ಎರಡು ತಿಂಗಳು. ಗುರುವಾರಗಳಂದು ಫ್ಯಾಕ್ಟರಿಗೆ ಹೋಗುವುದನ್ನು ನಿಲ್ಲಿಸಿಲ್ಲ, ಆದರೆ ಅರ್ಧ ಗಂಟೆ ಬೇಗ ಹೋಗುತ್ತೇನೆ. ಶಿಫ್ಟಿಗೆ ಮುಂಚಿನ ಹತ್ತು ನಿಮಿಷದಲ್ಲಿ ಹಿಂದೆ ನಿಂತಿರುತ್ತೇನೆ. ಕೈಯಲ್ಲಿ ಫಾರಂ ಇರುವುದಿಲ್ಲ. ಮೊದಲ ಎರಡು ವಾರ ಮಹದೇವಮ್ಮ ನನ್ನ ಕಡೆ ನೋಡಲೇ ಇಲ್ಲ. ಮೂರನೇ ವಾರ, ಅಲ್ಲಿ ಬಿಸಿಲು, ಈ ಕಡೆ ನಿಂತುಕೊಳ್ಳಿ ಅಂದರು.

ಮನೆಯಲ್ಲಿ ಪ್ರೆಷರ್ ಕುಕ್ಕರ್ ಕೂಗಿದರೂ ನನಗೆ ಈಗ ಎದೆ ಧಸಕ್ಕೆನ್ನುತ್ತದೆ. ಪ್ರದೀಪನ ಹೆಸರು ಫೋನಿನ ಮೇಲೆ ಬಂದರೆ ಎರಡು ರಿಂಗು ಎತ್ತಲು ಧೈರ್ಯ ಬರುವುದಿಲ್ಲ. ಯಾರೋ ಏನೋ ಓದಲು ಕೊಟ್ಟು ಅಭಿಪ್ರಾಯ ಬರೆದುಕೊಡಿ ಅಂದರೆ ಪೆನ್ನು ಹಿಡಿದು ಕೂರುತ್ತೇನೆ, ಒಂದು ವಿಶೇಷಣವೂ ಇಳಿಯುವುದಿಲ್ಲ.

ಸೌಮ್ಯ ಕೆಲಸಕ್ಕೆ ವಾಪಸ್ ಬಂದಿದ್ದಾಳೆ. ಉಗುರು ಬಂದಿಲ್ಲ. ಪ್ಯಾಕಿಂಗ್ ಸೆಕ್ಷನ್ನಿಗೆ ಹಾಕಿದ್ದಾರೆ, ಅಲ್ಲಿ ಪ್ರೆಸ್ ಇಲ್ಲ, ಮಹದೇವಮ್ಮನ ಹತ್ತು ನಿಮಿಷ ಅವಳಿಗೆ ಕಡ್ಡಾಯವೂ ಅಲ್ಲ. ಆದರೂ ದಿನಾ ಬಂದು ಮುಂದಿನ ಸಾಲಿನಲ್ಲಿ ನಿಲ್ಲುತ್ತಾಳಂತೆ. ಮೊನ್ನೆ ಗುರುವಾರ ನಾನೂ ನೋಡಿದೆ. ಎಲ್ಲರಿಗಿಂತ ಅವಳ ದನಿಯೇ ಜೋರು. ಮುಗಿದ ಮೇಲೆ ಹತ್ತಿರ ಹೋಗಿ, ದಿನಾ ಅದೇ ಕೇಳಿ ಸಾಕಾಗುವುದಿಲ್ಲವಾ ಅಂತ ಕೇಳಿದೆ.

"ಆಯ್ತದೆ ಮೇಡಂ. ತುಂಬಾ ಬೋರು" ಅಂದಳು, ನಗುತ್ತಾ.

ಬೋರು ಅನ್ನುವ ಮಾತನ್ನು ಇಷ್ಟು ನೆಮ್ಮದಿಯಿಂದ ಹೇಳುವವರನ್ನು ನೀವು ಎಲ್ಲಾದರೂ ನೋಡಿದ್ದೀರಾ?